ಮುಂಬೈನ ರೆಕಾರ್ಡ್ ಅಂಗಡಿಯಲ್ಲಿ ಹಾಕಿಸಿ ಕೇಳಿ ಕೊಳ್ಳುವುದು ಹೇಗೆ?

ಹಾಡು ಫೋನಿನಲ್ಲೇ ಸಿಗುವಾಗ ಅಂಗಡಿಗೆ ಹೋಗಿ ರೆಕಾರ್ಡು ಹಾಕಿಸಿ ಕೇಳುವುದು ಯಾಕೆ ಅಂತ ಮನೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹಾಡು ಹೇಗಿದೆ ಅಂತ ಫೋನ್ ಹೇಳುತ್ತದೆ, ನಿಜ. ಆದರೆ ನಿಮ್ಮ ಕೈಯಲ್ಲಿರುವ ಈ ತಟ್ಟೆ ಹೇಗಿದೆ ಅಂತ ಅದು ಹೇಳುವುದಿಲ್ಲ. ಭೀಮಸೇನ ಜೋಶಿಯವರ ಒಂದೇ ಎಲ್‌ಪಿಯ (ದೊಡ್ಡ ರೆಕಾರ್ಡಿನ) ಎರಡು ಪ್ರತಿ ಪಕ್ಕಪಕ್ಕ ಇಟ್ಟುಕೊಳ್ಳಿ. ಒಂದು ತಂಬೂರಿಯ ಜೀರು ಸಮೇತ ಸ್ವಚ್ಛವಾಗಿ ಕೇಳಿಸುತ್ತದೆ, ಇನ್ನೊಂದು ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಅನ್ನುತ್ತಲೇ ಇರುತ್ತದೆ. ಹೊದಿಕೆ ಎರಡಕ್ಕೂ ಒಂದೇ. ಬೆಲೆಯೂ ಎಷ್ಟೋ ಸಲ ಒಂದೇ.

ಹಾಗಾಗಿ ಅಂಗಡಿಯಲ್ಲಿ ಕಿವಿ ಕೊಡಬೇಕಾದ್ದು ತಟ್ಟೆಗೆ. ಹಾಡಿಗೆ ಮನೆಯಲ್ಲಿ ಬೇಕಾದಷ್ಟು ಸಮಯ ಇದೆ. ಈ ಒಂದು ವಿಷಯ ತಲೆಯಲ್ಲಿದ್ದರೆ ಕೆಳಗೆ ಬರೆದಿರುವ ಅರ್ಧ ಮಾತು ನಿಮಗೇ ಹೊಳೆಯುತ್ತದೆ. ಊರಿಂದ ಅಜ್ಜನ ಪ್ಲೇಯರ್ ತಂದು ಡೊಂಬಿವಲಿಯ ಫ್ಲ್ಯಾಟಿನಲ್ಲಿ ಇಟ್ಟುಕೊಂಡವರು, ಮಾಟುಂಗದಲ್ಲಿ ಕಾಫಿ ಕುಡಿದು ಹಾಗೇ ರೆಕಾರ್ಡು ಹುಡುಕೋಣ ಅಂತ ಹೊರಟವರು, ಇಂಥವರಿಗಾಗಿ ಬರೆದಿದ್ದೇನೆ.

ಎಲ್ಲಿಗೆ, ಯಾವಾಗ

ಕಾಲಾ ಘೋಡಾದ ರಿದಂ ಹೌಸ್ ಇದ್ದಾಗ ಈ ಲೇಖನವೇ ಬೇಕಿರಲಿಲ್ಲ. ಅಲ್ಲಿ ಕೇಳಿ ನೋಡುವುದಕ್ಕೇ ಬೂತ್‌ಗಳಿದ್ದವು. ಒಳಗೆ ಹೋಗಿ ಕೇಳಿ, ಇಷ್ಟವಾದರೆ ತಗೊಂಡು ಬರುವುದು, ಅಷ್ಟೇ. 2016ರ ಫೆಬ್ರವರಿ 29ಕ್ಕೆ ಅದು ಮುಚ್ಚಿತು. ಅದಕ್ಕೂ ಮುನ್ನವೇ ಬಂದಿದ್ದ ದೊಡ್ಡ ದೊಡ್ಡ ಸಿಡಿ ಅಂಗಡಿಗಳು ಗೋಡೆಗೆ ಹೆಡ್‌ಫೋನ್ ನೇತುಹಾಕಿ ಕೇಳಿಸುತ್ತಿದ್ದವು, ಅವೂ ಹೋದವು. ಈಗ ಉಳಿದಿರುವುದು ಸ್ಥೂಲವಾಗಿ ಮೂರು ಥರದ ಜಾಗ. ಪ್ರತಿಯೊಂದರಲ್ಲೂ ಕೇಳುವ ರೀತಿ ಬೇರೆ.

ಮೊದಲನೆಯದು ಹೊಸ ಕಾಲದ ಅಂಗಡಿ. ಮಾಹಿಮ್ ಕಡೆಯ ದ ರಿವಾಲ್ವರ್ ಕ್ಲಬ್ ಈ ಜಾತಿಯದು. ಒಳ್ಳೆಯ ಪ್ಲೇಯರ್, ಒಳ್ಳೆಯ ಸ್ಪೀಕರ್, ಮಾತಾಡಿಸುವ ಹುಡುಗರು. ಜಾಸ್ತಿ ಹೊಸ ರೆಕಾರ್ಡು, ಜೊತೆಗೆ ಒಂದಿಷ್ಟು ಹಳೆಯದು. ಇಲ್ಲಿ ಕೇಳಿ ನೋಡಬಹುದಾ ಅಂತ ಕೇಳುವುದಕ್ಕೆ ಸಂಕೋಚ ಬೇಡವೇ ಬೇಡ.

ಎರಡನೆಯದು ಚೋರ್ ಬಜಾರಿನ ಮಟನ್ ಸ್ಟ್ರೀಟ್. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಹೋಗಬಹುದು. ಗ್ರಾಮಫೋನು, ಹಳೆಯ ಸಿನಿಮಾ ಪೋಸ್ಟರು, ಹಿತ್ತಾಳೆ ದೀಪಗಳ ನಡುವೆ ರೆಕಾರ್ಡಿನ ರಾಶಿ. ಶುಕ್ರವಾರ ಇಲ್ಲಿನ ಅಂಗಡಿಗಳು ಮುಚ್ಚಿರುತ್ತವೆ, ಬೆಳಗಿನ ಜಾವ ರಸ್ತೆಯಲ್ಲೇ ಹಳೇ ಸಾಮಾನಿನ ಸಂತೆ ನಡೆಯುತ್ತದೆ. ಸಂತೆಯಲ್ಲಿ ಸಿಗುವುದನ್ನು ಕೇಳಿ ನೋಡುವ ಆಸೆ ಬಿಡಿ, ಕಣ್ಣೇ ಗತಿ. ಬೇರೆ ದಿನ ಅಂಗಡಿಯೊಳಗೆ ಹೋದರೆ ಮೂಲೆಯಲ್ಲಿ ಎಚ್‌ಎಂವಿಯ ಹಳೆಯ ಫಿಯೆಸ್ಟಾ ಅಥವಾ ಕ್ಯಾಲಿಪ್ಸೊ ಥರದ ಸಣ್ಣ ಪ್ಲೇಯರ್ ಇದ್ದರೂ ಇರಬಹುದು, ಹಾಕಿ ತೋರಿಸಿ ಅಂತ ಕೇಳಬಹುದು.

ಮೂರನೆಯದು ಫೋರ್ಟ್ ಕಡೆಯ ಫುಟ್‌ಪಾತ್ ಮತ್ತು ಗಲ್ಲಿ ವ್ಯಾಪಾರ. ಪುಣೆಯಲ್ಲಿರುವವರಿಗೆ ಬುಧವಾರ ಮತ್ತು ಭಾನುವಾರ ಸೇರುವ ಜುನಾ ಬಜಾರ್ ಇದೇ ಲೆಕ್ಕ.

ಸಮಯದ ಮಾತು. ವಾರದ ನಡುವಿನ ಮಧ್ಯಾಹ್ನ ಹೋಗಿ. ಶನಿವಾರ ಸಂಜೆ ಅಂಗಡಿಯವರಿಗೆ ನಿಮ್ಮ ನಾಲ್ಕು ತಟ್ಟೆ ಹಾಕಿ ತೆಗೆಯುವ ಪುರುಸೊತ್ತು ಇರುವುದಿಲ್ಲ. ಏಪ್ರಿಲಿನಲ್ಲಿ ರೆಕಾರ್ಡ್ ಸ್ಟೋರ್ ಡೇ ಅಂತ ಒಂದು ಬರುತ್ತದೆ, 2008ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು. ಆ ದಿನ ಹಬ್ಬಕ್ಕೆ ಬೇಕಾದರೆ ಹೋಗಿ, ಪರೀಕ್ಷೆ ಮಾಡಿ ಕೊಳ್ಳುವುದಕ್ಕೆ ಬೇಡ.

ಚೀಲದಲ್ಲಿ ಏನಿರಲಿ

ಹೆಡ್‌ಫೋನ್. ನಿಮ್ಮದೇ, ತಂತಿ ಇರುವಂಥದ್ದು. ನೀವು ದಿನಾ ಕೇಳುವ ಹೆಡ್‌ಫೋನಿನಲ್ಲಿ ಕೇಳಿದರೆ ಮಾತ್ರ ತಟ್ಟೆಯ ತಪ್ಪು ಯಾವುದು, ಅಂಗಡಿ ಸ್ಪೀಕರಿನ ಬಣ್ಣ ಯಾವುದು ಅಂತ ಬೇರೆ ಮಾಡಲು ಆಗುತ್ತದೆ. ಆಂಪ್ಲಿಫೈಯರಿನ ತೂತು ದಪ್ಪಗಿರುತ್ತದೆ, 6.3 ಮಿಲಿಮೀಟರಿನದು. ನಿಮ್ಮ ಪಿನ್ನು 3.5ರದು. ನಡುವೆ ಹಾಕುವ ಸಣ್ಣ ಕನ್ವರ್ಟರ್ ಲ್ಯಾಮಿಂಗ್ಟನ್ ರೋಡಿನ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ. ಒಂದು ತಗೊಂಡು ಚೀಲದಲ್ಲೇ ಬಿಟ್ಟುಬಿಡಿ.

ಇದರ ಜೊತೆ ಕನ್ನಡಕದ ಮೆತ್ತನೆ ಬಟ್ಟೆ ಒಂದು, ಬೇಕಾದವರ ಪಟ್ಟಿ ಒಂದು. ಪಟ್ಟಿ ಇಲ್ಲದೆ ಹೋದರೆ ಅಂಗಡಿಯವರು ಕೊಟ್ಟದ್ದನ್ನು ಕೇಳುತ್ತಾ ಕೂರುತ್ತೀರಿ. ನಮ್ಮವರಿಗೆ ಪಟ್ಟಿ ಮಾಡುವುದು ಕಷ್ಟವೇನಲ್ಲ ಅಲ್ವಾ: ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಕುಮಾರ ಗಂಧರ್ವ, ಸಿನಿಮಾ ಕಡೆಗೆ ಅಮೀರ್‌ಬಾಯಿ ಕರ್ನಾಟಕಿ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯಿಂದ ಬಂದ ಈ ಗಂಟಲುಗಳಿಗೆ ಮಹಾರಾಷ್ಟ್ರದಲ್ಲಿ ಮನೆಮನೆಯಲ್ಲಿ ಕೇಳುಗರಿದ್ದರು. ಹಾಗಾಗಿ ಇಲ್ಲಿನ ಹಳೇ ರಾಶಿಗಳಲ್ಲಿ ಹುಡುಕಿದರೆ ಇವರ ತಟ್ಟೆಗಳು ಸಿಗುತ್ತವೆ. ಕನ್ನಡ ಸಿನಿಮಾ ಹಾಡಿನ ಸಣ್ಣ 45ರ ಇಪಿಗಳೂ (ನಿಮಿಷಕ್ಕೆ 45 ಸುತ್ತು ಸುತ್ತುವ ಸಣ್ಣ ತಟ್ಟೆಗಳು) ಆಗೊಂದು ಈಗೊಂದು ತಲೆ ಎತ್ತುತ್ತವೆ. ಲೇಬಲ್ಲಿನ ಮೇಲಿನ ಕನ್ನಡ ಅಕ್ಷರ ಓದಲು ಬಾರದ ಅಂಗಡಿಯವರು ಅದನ್ನು ‘ಸೌತ್ ಕಾ ಮಾಲ್’ ಅಂತ ಬೇರೆ ಡಬ್ಬಿಗೆ ಹಾಕಿರುತ್ತಾರೆ. ಆ ಡಬ್ಬಿ ಎಲ್ಲಿದೆ ಅಂತ ಮೊದಲೇ ಕೇಳಿ.

ಮೊದಲು ಕಣ್ಣು

ಹತ್ತು ತಟ್ಟೆ ಇಷ್ಟವಾದರೆ ಹತ್ತನ್ನೂ ಹಾಕಿಸಬೇಡಿ. ಆರನ್ನು ಕಣ್ಣಲ್ಲೇ ಕಳೆಯಬಹುದು.

ತಟ್ಟೆಯನ್ನು ಹೊದಿಕೆಯಿಂದ ತೆಗೆಯುವಾಗ ಬೆರಳು ಗೀರಿನ ಮೇಲೆ, ಅಂದರೆ ಹಾಡು ಕೆತ್ತಿರುವ ಸಣ್ಣ ಸಾಲುಗಳ ಮೇಲೆ, ಬೀಳಬಾರದು. ಅಂಚು ಅಂಗೈಗೆ, ಬೆರಳ ತುದಿ ನಡುವಿನ ಲೇಬಲ್ಲಿಗೆ. ಇದು ಬರೀ ಮರ್ಯಾದೆಯ ಮಾತಲ್ಲ. ನೀವು ತಟ್ಟೆ ಹಿಡಿಯುವ ರೀತಿ ನೋಡಿಯೇ ಅಂಗಡಿಯವರು ನಿಮಗೆ ಪ್ಲೇಯರ್ ಹತ್ತಿರ ಬಿಡಬೇಕಾ ಬೇಡವಾ ಅಂತ ತೀರ್ಮಾನ ಮಾಡಿಬಿಡುತ್ತಾರೆ.

ಫೋನಿನ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಎಲ್ಲವೂ ಹೊಳೆಯುತ್ತದೆ, ಓರೆ ಬೆಳಕಿನಲ್ಲಿ ಮಾತ್ರ ಗೀಚು ಕಾಣುತ್ತದೆ. ಕೂದಲೆಳೆಯಂಥ ಗೀಚುಗಳು ಬಹಳ ಸಲ ಕೇಳಿಸುವುದೇ ಇಲ್ಲ, ಅದಕ್ಕೆ ಹೆದರಬೇಡಿ. ಗೀರುಗಳಿಗೆ ಅಡ್ಡವಾಗಿ ಹೋಗಿರುವ ಆಳದ ಗೀಚು ಟಕ್ ಟಕ್ ಅನ್ನುತ್ತದೆ ಅಷ್ಟೇ. ಗೀರಿನ ಜೊತೆಜೊತೆಗೇ ಓಡುವ ಗೀಚು ಅದಕ್ಕಿಂತ ಕೆಟ್ಟದ್ದು, ಪ್ಲೇಯರಿನ ಮುಳ್ಳು ಅದರಲ್ಲಿ ಸಿಕ್ಕಿಕೊಂಡು ಅದೇ ಸಾಲನ್ನು ಮತ್ತೆ ಮತ್ತೆ ಹಾಡಿಸುತ್ತದೆ.

ಲೇಬಲ್ಲಿನ ತೂತಿನ ಸುತ್ತ ನೋಡಿ. ಕತ್ತಲಲ್ಲಿ ತಡಕಾಡಿ ಹಾಕಿದ ಹಾಗೆ ಬೆಳ್ಳಿಗೆರೆಗಳು ತುಂಬಾ ಇದ್ದರೆ ಆ ತಟ್ಟೆ ಬಹಳ ಸಲ ಸುತ್ತಿದೆ ಅಂತ ಅರ್ಥ. ಮೈ ಹೊಳೆಯುತ್ತಿದ್ದರೂ ಗೀರು ಸವೆದಿರುವ ಸಾಧ್ಯತೆ ಇದೆ.

ಈ ಊರಿನ ವಿಶೇಷ ಕಾಯಿಲೆ ಬೂಷ್ಟು. ನಾಲ್ಕು ತಿಂಗಳ ಮಳೆ, ಸಮುದ್ರದ ಗಾಳಿ, ಅಟ್ಟದ ಮೇಲಿನ ಪೆಟ್ಟಿಗೆ. ತಟ್ಟೆಯ ಮೇಲೆ ಬಿಳಿ ಮಂಜಿನ ಹಾಗೆ ಅಥವಾ ಚುಕ್ಕಿಚುಕ್ಕಿಯಾಗಿ ಕಂಡರೆ ಅದೇ. ವಿನೈಲ್ (ಎಲ್‌ಪಿ, ಇಪಿ ಮಾಡುವ ಪ್ಲಾಸ್ಟಿಕ್) ಮೇಲಿನ ಬೂಷ್ಟು ಬಹಳ ಸಲ ತೊಳೆದರೆ ಹೋಗುತ್ತದೆ. ಆದರೆ ಅದನ್ನು ಹಾಗೇ ಹಾಕಿಸಬೇಡಿ, ಮುಳ್ಳಿಗೆ ಅಂಟಿಕೊಂಡು ಮುಂದಿನ ತಟ್ಟೆಗೂ ಸದ್ದು ತರುತ್ತದೆ. ಬೂಷ್ಟು ಹಿಡಿದ ರೆಕಾರ್ಡು ತುಂಬಾ ಬೇಕೇ ಬೇಕು ಅಂತಿದ್ದರೆ ‘ಒರೆಸಿ ಹಾಕ್ತೀರಾ’ ಅಂತ ಕೇಳಿ. ಒಪ್ಪದಿದ್ದರೆ ಬೂಷ್ಟಿನ ಹೆಸರಿನಲ್ಲಿ ಬೆಲೆ ಇಳಿಸಿ.

ಕೊನೆಗೆ ಕಣ್ಣಿನ ಮಟ್ಟಕ್ಕೆ ಎತ್ತಿ ಅಂಚು ನೋಡಿ. ಅಲೆಯಲೆಯಾಗಿ ಬಾಗಿದೆಯಾ? ಸ್ವಲ್ಪ ಬಾಗಿದ್ದರೆ ಪರವಾಗಿಲ್ಲ, ಹಾಕಿಸಿದಾಗ ಗೊತ್ತಾಗುತ್ತದೆ. ಬಿಸಿಲಿಗೆ ಬಿದ್ದು ತಟ್ಟೆಯೇ ಬಟ್ಟಲಾಗಿದ್ದರೆ ಅಲ್ಲೇ ಬಿಡಿ.

ಬೆಲೆ ಮೊದಲು, ಹಾಡು ಆಮೇಲೆ

ಬೆಲೆ ಬರೆದಿರುವ ಅಂಗಡಿಯಲ್ಲಿ ಈ ಹೆಜ್ಜೆ ಬೇಕಿಲ್ಲ. ಚೋರ್ ಬಜಾರಿನಲ್ಲಿ ಬೇಕು. ತಟ್ಟೆ ಹಾಕಿಸಿ, ಮನ್ಸೂರರ ಮೊದಲ ‘ಆ’ಕಾರಕ್ಕೇ ಮುಖ ಅರಳಿಸಿ, ಆಮೇಲೆ ‘ಕಿತನೇ ಕಾ ಹೈ’ ಅಂದರೆ ಬೆಲೆ ಹೇಳುವವರು ನಿಮ್ಮ ಮುಖ ನೋಡಿಯೇ ಹೇಳುತ್ತಾರೆ. ಮೊದಲು ಬೆಲೆ ಕೇಳಿ, ಚೌಕಾಸಿ ಮುಗಿಸಿ, ಒಂದು ಮೊತ್ತಕ್ಕೆ ಬಂದು ನಿಲ್ಲಿ. ಆಮೇಲೆ ‘ಚಾಚಾ, ಜರಾ ಬಜಾಕೆ ದಿಖಾಯೇಂಗೆ?’ (ಸ್ವಲ್ಪ ಹಾಕಿ ತೋರಿಸ್ತೀರಾ) ಅನ್ನಿ. ಮರಾಠಿ ಅಂಗಡಿಯಾದರೆ ‘ಕಾಕಾ, ಜರಾ ಲಾವೂನ್ ದಾಖವತಾ ಕಾ?’ ಅಂದರೆ ಸಾಕು, ಒಂದು ಕಾಕಾ ಅರ್ಧ ಕೆಲಸ ಮಾಡುತ್ತದೆ. ಸದ್ದು ಕೆಟ್ಟದಾಗಿದ್ದರೆ ಆ ಮೊತ್ತದಿಂದ ಕೆಳಗೆ ಬರುವ ಹಕ್ಕು ನಿಮ್ಮದು. ಚೆನ್ನಾಗಿದ್ದರೆ ಮೇಲೆ ಹೋಗುವ ಹಕ್ಕು ಅವರಿಗಿಲ್ಲ. ಆ ಲೆಕ್ಕ ಅವರಿಗೂ ಗೊತ್ತು, ನಗುತ್ತಾರೆ.

ಎಷ್ಟು ಹಾಕಿಸಬಹುದು? ಕಣ್ಣಿನ ಜರಡಿಯಲ್ಲಿ ಉಳಿದ ಮೂರೋ ನಾಲ್ಕೋ. ಒಂದೊಂದಕ್ಕೂ ಮೂರು ನಿಮಿಷ. ಪೂರ್ತಿ ಒಂದು ಪಕ್ಕ ಕೇಳುತ್ತಾ ಕೂರುವುದು ಸರಿಯಲ್ಲ, ಇಪ್ಪತ್ತು ನಿಮಿಷ ಅವರ ಪ್ಲೇಯರ್ ನಿಮ್ಮ ಕೈಲಿರುತ್ತದೆ. ಸೋಫಾ ಹಾಕಿ ಕೂತು ಕೇಳಿ ಅಂತ ಅಂಗಡಿಯವರೇ ಕರೆದರೆ ಅದು ಬೇರೆ ವಿಷಯ.

ಅಂಗಡಿಯ ಪ್ಲೇಯರ್ ಎಂಥದು

ಇದನ್ನು ಬಹಳ ಜನ ನೋಡುವುದೇ ಇಲ್ಲ. ತಟ್ಟೆಯನ್ನು ಪರೀಕ್ಷೆ ಮಾಡುವ ಮುಂಚೆ ಪರೀಕ್ಷೆ ಮಾಡುವ ಯಂತ್ರವನ್ನು ನೋಡಬೇಕು.

ಮುಳ್ಳು ಕೂರಿಸಿರುವ ಭಾಗಕ್ಕೆ ಕಾರ್ಟ್ರಿಜ್ ಅನ್ನುತ್ತಾರೆ, ಹಳೆಯ ಪೆಟ್ಟಿಗೆ ಪ್ಲೇಯರುಗಳಲ್ಲಿ ಸೆರಾಮಿಕ್ ಕಾರ್ಟ್ರಿಜ್ ಇರುತ್ತದೆ. ಅದರ ಭಾರ ತಟ್ಟೆಯ ಮೇಲೆ ನಾಲ್ಕೈದು ಗ್ರಾಂ, ಕೆಲವೊಮ್ಮೆ ಇನ್ನೂ ಜಾಸ್ತಿ. ಈಗಿನ ಮ್ಯಾಗ್ನೆಟಿಕ್ ಕಾರ್ಟ್ರಿಜ್ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಗ್ರಾಂನಲ್ಲೇ ಕೆಲಸ ಮುಗಿಸುತ್ತದೆ. ಭಾರ ಜಾಸ್ತಿ ಇದ್ದು, ಜೊತೆಗೆ ಮುಳ್ಳೂ ಸವೆದಿದ್ದರೆ, ನೀವು ಕೇಳುತ್ತಿರುವಾಗಲೇ ಗೀರು ಕೆತ್ತಿಹೋಗುತ್ತಿರುತ್ತದೆ. ನೋಡಲು ಹೊಸದರಂತೆ ಇರುವ, ನಿಮಗೆ ತುಂಬಾ ಬೇಕಾದ ತಟ್ಟೆಯನ್ನು ಇಂಥ ಪೆಟ್ಟಿಗೆಯ ಮೇಲೆ ಹಾಕಿಸಬೇಡಿ. ಕಣ್ಣನ್ನು ನಂಬಿ ಕೊಂಡುಬಿಡಿ, ಇಲ್ಲವಾದರೆ ಬಿಡಿ. ಸಾಧಾರಣ ಸ್ಥಿತಿಯ, ಕಡಿಮೆ ಬೆಲೆಯ ತಟ್ಟೆಗೆ ಮಾತ್ರ ಅದು ಸಾಕು, ಅದೂ ಅರ್ಧ ನಿಮಿಷ.

ಇನ್ನೊಂದು, ಆಂಪ್ಲಿಫೈಯರಿನ ಬಾಸ್ ಗುಂಡಿ. ಅಂಗಡಿಯಲ್ಲಿ ಅದು ಯಾವಾಗಲೂ ಬಲಕ್ಕೆ ತಿರುಗಿರುತ್ತದೆ, ಟ್ರೆಬಲ್ ಇಳಿದಿರುತ್ತದೆ. ಟ್ರೆಬಲ್ ಇಳಿಸಿದರೆ ಚಟಪಟ ಅರ್ಧಕ್ಕರ್ಧ ಮಾಯ. ‘ದೋನೋ ಬೀಚ್ ಮೇ ರಖೇಂಗೆ ಕ್ಯಾ’ (ಎರಡನ್ನೂ ನಡುವಿಗೆ ಇಡ್ತೀರಾ) ಅಂತ ಮೆತ್ತಗೆ ಕೇಳಿ. ಹೊರಗಿನ ಹಾರ್ನ್ ಗದ್ದಲದಲ್ಲಿ ಸ್ಪೀಕರ್ ನಂಬುವುದಕ್ಕಾಗದು, ಅದಕ್ಕೇ ಹೆಡ್‌ಫೋನ್ ತನ್ನಿ ಅಂದಿದ್ದು.

ಮುಳ್ಳನ್ನು ನೀವೇ ಇಡಲು ಹೋಗಬೇಡಿ. ಅವರು ಒತ್ತಾಯಿಸಿದರೂ ಬೇಡ.

ಮುಳ್ಳು ಎಲ್ಲಿ ಇಡಿಸಬೇಕು

ಒಂದು ಪಕ್ಕದಲ್ಲಿ ಮೂರು ಜಾಗ, ಜಾಗಕ್ಕೆ ಅರ್ಧ ನಿಮಿಷ.

ಮೊದಲನೆಯದು ಅಂಚಿನ ಖಾಲಿ ಗೀರು ಮತ್ತು ಮೊದಲ ಹಾಡಿನ ಶುರು. ಬೆರಳು, ದೂಳು, ಜಾರಿಬಿದ್ದ ಮುಳ್ಳು, ಎಲ್ಲದರ ಏಟು ಬೀಳುವುದು ಇಲ್ಲೇ. ಇಲ್ಲಿ ಸ್ವಲ್ಪ ಸದ್ದಿದ್ದರೆ ಚಿಂತೆಯಿಲ್ಲ, ಹಾಡು ಶುರುವಾದ ಮೇಲೂ ಅಷ್ಟೇ ಇದ್ದರೆ ಯೋಚಿಸಿ.

ಎರಡನೆಯದು ತಟ್ಟೆಯಲ್ಲಿ ಅತಿ ಮೆತ್ತಗಿನ ಜಾಗ. ಹಿಂದೂಸ್ತಾನಿ ಆದರೆ ಆಲಾಪ ಅಥವಾ ವಿಲಂಬಿತದ ಶುರು, ಎರಡು ಸ್ವರದ ನಡುವೆ ಬರೀ ತಂಬೂರಿ ಇರುವ ಕಡೆ. ಸಿನಿಮಾ ಹಾಡಾದರೆ ಎರಡು ಹಾಡಿನ ನಡುವಿನ ಖಾಲಿ ಗೀರು. ತಬಲಾ, ಆರ್ಕೆಸ್ಟ್ರಾ ಜೋರಾಗಿರುವಾಗ ಎಂಥ ಸದ್ದೂ ಮುಚ್ಚಿಹೋಗುತ್ತದೆ. ಅಂಗಡಿಯವರು ಯಾವಾಗಲೂ ಜೋರಾದ ಹಾಡಿನ ಮೇಲೇ ಮುಳ್ಳು ಇಡುವುದು ಇದಕ್ಕೇ ಅಂತ ನಾನು ಹೇಳುವುದಿಲ್ಲ. ಆದರೆ ಅಲ್ಲೇ ಇಡುತ್ತಾರೆ, ನೋಡಿ ಬೇಕಾದರೆ.

ಮೂರನೆಯದು ಲೇಬಲ್ಲಿನ ಹತ್ತಿರದ ಕೊನೆಯ ಹಾಡು, ಅದರ ಕೊನೆಯ ಅರ್ಧ ನಿಮಿಷ. ಇದು ಮುಖ್ಯ, ಆದ್ದರಿಂದ ಕಾರಣ ಹೇಳುತ್ತೇನೆ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ಸುತ್ತುತ್ತದೆ, ಅಂಚಿನಲ್ಲೂ ಅಷ್ಟೇ, ನಡುವಿನಲ್ಲೂ ಅಷ್ಟೇ. ಆದರೆ ಅಂಚಿನ ಸುತ್ತು ದೊಡ್ಡದು, ಒಳಗಿನ ಸುತ್ತು ಚಿಕ್ಕದು. ಅಂಚಿನಲ್ಲಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಮುಳ್ಳಿನ ಕೆಳಗೆ ಹೋದರೆ, ಒಳಗೆ ಹೋಗುವುದು 20 ಸೆಂಟಿಮೀಟರಿನ ಆಸುಪಾಸು. ಅಷ್ಟು ಕಡಿಮೆ ಜಾಗದಲ್ಲಿ ಅಷ್ಟೇ ಸಂಗೀತ ತುಂಬಿರುತ್ತದೆ. ಹಾಗಾಗಿ ಸವೆತ ಮೊದಲು ಕೇಳಿಸುವುದು ಇಲ್ಲಿ. ನಮ್ಮ ಸಂಗೀತದಲ್ಲಂತೂ ದ್ರುತ್, ತಾನಗಳ ಮಳೆ, ತಾರಕದ ಷಡ್ಜ ಎಲ್ಲ ಬರುವುದೂ ಇದೇ ಒಳಗಿನ ಗೀರಿಗೆ. ತಾರಕದಲ್ಲಿ ಗಂಟಲು ಹರಿದ ಹಾಗೆ ಕೇಳಿಸಿದರೆ ಅದು ಗಾಯಕರ ತಪ್ಪಲ್ಲ, ಗೀರು ಸವೆದಿದೆ.

ಸಿನಿಮಾ ಎಲ್‌ಪಿಗೆ ಇನ್ನೊಂದು ಉಪಾಯ. ಆ ಸಿನಿಮಾದ ಅತಿ ಪ್ರಸಿದ್ಧ ಹಾಡು ಯಾವುದೋ ಅದರ ಮೇಲೆ ಇಡಿಸಿ. ಹಿಂದಿನ ಮಾಲೀಕರ ಮನೆಯವರೆಲ್ಲ ಸೇರಿ ಅದನ್ನೇ ಸವೆಸಿರುತ್ತಾರೆ. ಅದು ಚೆನ್ನಾಗಿದ್ದರೆ ಉಳಿದವು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ.

ಎರಡೂ ಪಕ್ಕ ಹಾಕಿಸಿ. ಒಂದು ಪಕ್ಕ ಹೊಸದು, ಇನ್ನೊಂದು ಪಕ್ಕ ಹಾಳು ಅನ್ನುವ ತಟ್ಟೆಗಳು ಬೇಕಾದಷ್ಟಿವೆ.

ಈ ಸದ್ದು ಯಾವುದರದ್ದು?

ಯಾವ ಸದ್ದು ಹೋಗುತ್ತದೆ, ಯಾವುದು ಹೋಗುವುದಿಲ್ಲ ಅಂತ ಗೊತ್ತಾದರೆ ಕೊಳ್ಳುವ ಧೈರ್ಯ ಬರುತ್ತದೆ.

ಲೆಕ್ಕವಿಲ್ಲದೆ ಅಲ್ಲೊಂದು ಇಲ್ಲೊಂದು ಚಟ್ ಅಂದರೆ ದೂಳು. ತೊಳೆದರೆ ಬಹುಪಾಲು ಹೋಗುತ್ತದೆ.

ಒಂದೇ ಅಂತರದಲ್ಲಿ ಟಕ್... ಟಕ್... ಅಂದರೆ ಅಡ್ಡ ಗೀಚು. ಎಲ್‌ಪಿಯ ಒಂದು ಸುತ್ತಿಗೆ 1.8 ಸೆಕೆಂಡು, 45ರ ಇಪಿಗೆ 1.33, ನಿಮಿಷಕ್ಕೆ 78 ಸುತ್ತು ಸುತ್ತುವ ಹಳೇ ತಟ್ಟೆಗೆ ಮುಕ್ಕಾಲು ಸೆಕೆಂಡಿನ ಆಸುಪಾಸು. ಟಕ್ ಆ ಲಯದಲ್ಲಿ ಬಂದರೆ ಅದು ಗೀಚೇ, ಏನು ತೊಳೆದರೂ ಹೋಗುವುದಿಲ್ಲ. ಎಷ್ಟು ಸಲ ಬರುತ್ತದೆ ಎಣಿಸಿ. ಹತ್ತು ಹದಿನೈದಕ್ಕೆ ನಿಂತರೆ ಸಹಿಸಬಹುದು, ಹಾಡಿನುದ್ದಕ್ಕೂ ಬಂದರೆ ತಾಳದವರಿಗೆ ತಲೆ ಕೆಡುತ್ತದೆ.

‘ಸ’, ‘ಶ’ ಅಕ್ಷರಗಳು ಬಂದಾಗಲೆಲ್ಲ ಉಗುಳು ಹಾರಿದ ಹಾಗೆ ಕೇಳಿಸಿದರೆ ಸವೆತ ಇರಬಹುದು, ಅಂಗಡಿಯ ಮುಳ್ಳಿನದೂ ತಪ್ಪಿರಬಹುದು. ಬೇರೆ ಮಾಡುವ ದಾರಿ ಸುಲಭ: ಅದೇ ಪ್ಲೇಯರಿನಲ್ಲಿ ಅಂಗಡಿಯವರದೇ ಒಂದು ಒಳ್ಳೆಯ ತಟ್ಟೆ ಹಾಕಿಸಿ. ಅದೂ ಹಾಗೇ ಕೇಳಿಸಿದರೆ ಮುಳ್ಳು. ಕೇಳಿಸದಿದ್ದರೆ ನಿಮ್ಮ ಕೈಲಿರುವ ತಟ್ಟೆ.

ಶ್ರುತಿ ಅಲುಗಾಡುವುದು. ಇದನ್ನು ಕಂಡುಹಿಡಿಯುವುದರಲ್ಲಿ ನಮ್ಮ ಸಂಗೀತ ಕೇಳಿ ಬೆಳೆದವರ ಕಿವಿ ಮುಂದು. ತೂತು ಸರಿಯಾಗಿ ನಡುವಿನಲ್ಲಿ ಬಿದ್ದಿಲ್ಲದ ತಟ್ಟೆಯಲ್ಲಿ ಸುತ್ತಿಗೊಮ್ಮೆ ಶ್ರುತಿ ಮೇಲೆ ಕೆಳಗೆ ಆಗುತ್ತದೆ. ಪಾಪ್ ಹಾಡಿನಲ್ಲಿ ಗೊತ್ತೇ ಆಗದು. ತಂಬೂರಿ, ಹಾರ್ಮೋನಿಯಂ ಅಥವಾ ಶಹನಾಯಿಯ ಉದ್ದ ಸ್ವರದಲ್ಲಿ ತಕ್ಷಣ ಗೊತ್ತಾಗುತ್ತದೆ, ಒಮ್ಮೆ ಕೇಳಿಸಿಬಿಟ್ಟರೆ ಆಮೇಲೆ ಕಿವಿ ಅದನ್ನು ಬಿಡುವುದೂ ಇಲ್ಲ. ಅನುಮಾನವಿದ್ದರೆ ಪ್ಲೇಯರಿನ ತೋಳು ನೋಡಿ. ಎಡಕ್ಕೆ ಬಲಕ್ಕೆ ತೂಗುತ್ತಿದ್ದರೆ ತೂತಿನ ತಪ್ಪು, ಮೇಲೆ ಕೆಳಗೆ ಕುಣಿಯುತ್ತಿದ್ದರೆ ತಟ್ಟೆ ಬಾಗಿದೆ. ಬಾಗಿದ್ದರೂ ಶ್ರುತಿ ನಿಂತಿದ್ದರೆ ಕೊಳ್ಳಿ.

ಹೆಡ್‌ಫೋನಿನ ಒಂದೇ ಕಿವಿಯಲ್ಲಿ ಕರಕರ ಕೇಳಿಸಿದರೆ ಎರಡು ಕಾರಣ. ಪ್ಲೇಯರಿನ ತಂತಿ ಸಡಿಲ, ಅಥವಾ ಹಳೇ ಮಾಲೀಕರ ಕೆಟ್ಟ ಮುಳ್ಳು ಗೀರಿನ ಒಂದು ಗೋಡೆಯನ್ನೇ ಜಾಸ್ತಿ ತಿಂದಿದೆ. ಇಲ್ಲೂ ಅದೇ ಉಪಾಯ, ಇನ್ನೊಂದು ತಟ್ಟೆ ಹಾಕಿಸಿ. ಅಂದಹಾಗೆ ಎಚ್‌ಎಂವಿ ಎಲ್‌ಪಿಯ ನಂಬರಿನ ಶುರುವಿನಲ್ಲಿ ಇಸಿಎಲ್‌ಪಿ ಅಥವಾ ಇಎಎಲ್‌ಪಿ ಅಂತಿದ್ದರೆ ಮೋನೋ, ಇಸಿಎಸ್‌ಡಿ ಅಥವಾ ಇಎಎಸ್‌ಡಿ ಅಂತಿದ್ದರೆ ಸ್ಟೀರಿಯೋ. ಮೋನೋ ತಟ್ಟೆ ಎರಡೂ ಕಿವಿಗೆ ಒಂದೇ ಥರ ಕೇಳಿಸಬೇಕು, ಒಂದರಲ್ಲಿ ಬೇರೆ ಏನೋ ಇದ್ದರೆ ಅದು ಸಂಗೀತವಲ್ಲ.

ಗೊತ್ತಿಲ್ಲದ ಸಂಗೀತವನ್ನು ಕೇಳುವುದು

ಇಷ್ಟೆಲ್ಲ ಹೇಳಿದರೂ, ಅಂಗಡಿಗೆ ಹೋಗುವುದರಲ್ಲಿ ಪರೀಕ್ಷೆಯ ಆಚೆಗಿನ ಒಂದು ಸುಖ ಇದೆ, ಹೆಸರೇ ಕೇಳಿರದವರನ್ನು ಕೇಳುವುದು. ಅದರ ರೀತಿ ಬೇರೆ. ‘ಏನಾದರೂ ಒಳ್ಳೇದು ಹಾಕಿ’ ಅಂದರೆ ಅಂಗಡಿಯವರು ಮಾರಾಟವಾಗದ್ದನ್ನೋ ಎಲ್ಲರೂ ಕೊಳ್ಳುವುದನ್ನೋ ಹಾಕುತ್ತಾರೆ. ‘ಸಾರಂಗಿ ಇರೋದು, ಮೆತ್ತಗಿರೋದು, ಹಾಡು ಬೇಡ’ ಅಂತ ಗುರುತು ಹೇಳಿ. ಅಥವಾ ನಿಮಗೆ ಇಷ್ಟವಾದ ಒಬ್ಬರ ಹೆಸರು ಹೇಳಿ ಇವರ ಗುರುಗಳದ್ದು, ಶಿಷ್ಯರದ್ದು ಇದೆಯಾ ಅನ್ನಿ. ಗಂಗೂಬಾಯಿಯವರಿಂದ ಸವಾಯಿ ಗಂಧರ್ವರಿಗೆ, ಅಲ್ಲಿಂದ ಅಬ್ದುಲ್ ಕರೀಂ ಖಾನರಿಗೆ ಹೀಗೇ ಹತ್ತಿಕೊಂಡು ಹೋಗಬಹುದು. ಒಳ್ಳೆಯ ಅಂಗಡಿಯವರಿಗೆ ಇಂಥ ಗಿರಾಕಿ ಅಂದರೆ ಪ್ರೀತಿ. ಮುಂದಿನ ಸಲ ನಿಮಗಾಗಿ ಒಂದು ತಟ್ಟೆ ಪಕ್ಕಕ್ಕೆ ಎತ್ತಿಟ್ಟಿರುತ್ತಾರೆ.

ಇಲ್ಲಿ ಒಂದು ಚಟದ ಬಗ್ಗೆ ಹೇಳಲೇಬೇಕು. ಅಂಗಡಿಯಲ್ಲಿ ಹಾಕಿಸಿ, ಕೇಳಿ, ಹೆಸರು ಫೋಟೋ ತೆಗೆದು, ಅಲ್ಲೇ ನಿಂತು ಆನ್‌ಲೈನಿನಲ್ಲಿ ಕಮ್ಮಿಗೆ ಆರ್ಡರ್ ಮಾಡುವುದು. ಬೆಲೆ ಹೋಲಿಸುವುದು ತಪ್ಪಲ್ಲ, ಹಾಕಿಸುವ ಮುಂಚೆ ಹೋಲಿಸಿ. ಅವರ ಪ್ಲೇಯರು, ಅವರ ಮುಳ್ಳು, ಅವರ ಸಮಯ ಬಳಸಿಕೊಂಡ ಮೇಲೆ ದುಡ್ಡು ಇನ್ನೊಬ್ಬರಿಗೆ ಕೊಡುವುದು ಚೆನ್ನಾಗಿರುವುದಿಲ್ಲ. ಇರುವ ನಾಲ್ಕು ಅಂಗಡಿಯೂ ಹೀಗೇ ಮುಚ್ಚುತ್ತವೆ.

78ರ ತಟ್ಟೆಗೆ ಬೇರೆ ಕಾನೂನು

ಭಾರವಾಗಿದ್ದು, ಬಿದ್ದರೆ ಒಡೆಯುವಂಥದ್ದು 78. ಅರಗಿನ ಜಾತಿಯ ಶೆಲ್ಯಾಕಿನಿಂದ ಮಾಡಿದ್ದು. ನಮ್ಮ ದೇಶದಲ್ಲಿ ಇದು ಬಹಳ ಕಾಲ ಬಾಳಿತು, 1960ರ ದಶಕದ ನಡುವಿನಲ್ಲೂ ಬೀಟಲ್ಸ್ ಹಾಡುಗಳು ಇಲ್ಲಿ 78ರಲ್ಲಿ ಬಂದಿವೆ. ಅವಕ್ಕೆ ವಿದೇಶಿ ಸಂಗ್ರಾಹಕರು ಬಾಯಿ ಬಿಡುವುದರಿಂದ ಬೆಲೆ ಕೇಳಿ ಗಾಬರಿಯಾಗಬೇಡಿ. ನಮಗೆ ಬೇಕಾದ್ದು ಬೇರೆ. ಗಂಗೂಬಾಯಿ ಹಾನಗಲ್ ಅವರ ಶುರುವಿನ ಕೆಲವು ತಟ್ಟೆಗಳಲ್ಲಿ ಹೆಸರು ‘ಗಾಂಧಾರಿ’ ಅಂತಿರುತ್ತದೆ, ಅದು ಗೊತ್ತಿಲ್ಲದಿದ್ದರೆ ಕೈಗೆ ಬಂದರೂ ವಾಪಸ್ ಇಟ್ಟುಬಿಡುತ್ತೀರಿ.

ಕೇಳಿ ನೋಡುವಾಗ ಮೂರು ಎಚ್ಚರ. 78ರ ಗೀರು ಅಗಲ, ಅದಕ್ಕೆ ಸುಮಾರು 75 ಮೈಕ್ರಾನಿನ ಮುಳ್ಳು ಬೇಕು. ಎಲ್‌ಪಿ ಮುಳ್ಳು 18 ಮೈಕ್ರಾನಿನ ಆಸುಪಾಸು. ಎಲ್‌ಪಿ ಮುಳ್ಳಿನಲ್ಲಿ 78 ಹಾಕಿದರೆ ಅದು ಗೀರಿನ ತಳದಲ್ಲಿ ಅಲೆದಾಡಿ ಬರೀ ಗರಗರ ಕೊಡುತ್ತದೆ, ತಟ್ಟೆ ಚೆನ್ನಾಗಿದ್ದರೂ ಹಾಳು ಅನಿಸುತ್ತದೆ. ಕೀಲಿ ಕೊಡುವ ಗ್ರಾಮಫೋನಿನಲ್ಲಿ ಹಾಕಿದರೆ ಉಕ್ಕಿನ ಮುಳ್ಳು ಪ್ರತಿ ಪಕ್ಕಕ್ಕೂ ಹೊಸದಿರಬೇಕು. ಎದುರಿಗೇ ಬದಲಾಯಿಸಿ ಅನ್ನಿ, ಬೇಕಾದರೆ ಮುಳ್ಳಿನ ದುಡ್ಡು ಕೊಡಿ. ಇನ್ನು ವಿನೈಲ್ ಎಲ್‌ಪಿಯನ್ನು ಆ ಗ್ರಾಮಫೋನಿನ ಮೇಲೆ ಇಡಲು ಯಾರು ಹೊರಟರೂ ಕೈ ಹಿಡಿದು ನಿಲ್ಲಿಸಿ. ಒಂದೇ ಸಲಕ್ಕೆ ಮುಗಿಯುತ್ತದೆ ಅದರ ಕಥೆ.

ಅಂಚಿನಿಂದ ಒಳಕ್ಕೆ ಕೂದಲಿನಂಥ ಬಿರುಕು ಇದೆಯಾ ಅಂತ ಎರಡೂ ಪಕ್ಕ ನೋಡಿ. ಬೆರಳ ಗಂಟಿನಿಂದ ಮೆಲ್ಲಗೆ ತಟ್ಟಿದರೆ ಬಿರುಕಿಲ್ಲದ್ದು ಟಣ್ ಅನ್ನುತ್ತದೆ, ಬಿರುಕಿದ್ದದ್ದು ಸಪ್ಪೆ ಸದ್ದು ಮಾಡುತ್ತದೆ. ಮಡಕೆ ಕೊಳ್ಳುವ ವಿದ್ಯೆಯೇ ಇದು.

ಸೀಲ್ ಬಿಚ್ಚದ ಹೊಸ ರೆಕಾರ್ಡು, ಕ್ಯಾಸೆಟ್ಟು

ಸೀಲ್ ಇರುವುದನ್ನು ಬಿಚ್ಚಿ ಹಾಕಿ ಅಂತ ಕೇಳಬೇಡಿ. ಅಂಗಡಿಯಲ್ಲಿ ಕೇಳಿಸುವುದಕ್ಕೆ ಅಂತಲೇ ಬಿಚ್ಚಿಟ್ಟ ಪ್ರತಿ ಇದೆಯಾ ಅಂತ ವಿಚಾರಿಸಿ. ಇಲ್ಲದಿದ್ದರೆ ಫೋನಿನಲ್ಲಿ ಹಾಡು ಕೇಳಿ, ತಟ್ಟೆ ಕೆಟ್ಟಿದ್ದರೆ ಬದಲಾಯಿಸಿ ಕೊಡುತ್ತೀರಾ ಅಂತ ಬಿಲ್ ಮಾಡುವ ಮುಂಚೆ ಕೇಳಿ. ಹೊಸ ತಟ್ಟೆಯೂ ಬಾಗಿರಬಹುದು, ತೂತು ಆಚೀಚೆ ಇರಬಹುದು.

ಕ್ಯಾಸೆಟ್ಟಾದರೆ ಕಿಟಕಿಯಲ್ಲಿ ಟೇಪಿನ ಸುರುಳಿ ನೋಡಿ. ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಬೂಷ್ಟು, ಅದು ನಿಮ್ಮ ಡೆಕ್ಕಿಗೂ ಹತ್ತುತ್ತದೆ, ಬೇಡ. ಕೆಳಗಡೆ ಟೇಪಿನ ಹಿಂದೆ ಇರುವ ಸಣ್ಣ ಮೆತ್ತೆ ಬಿದ್ದುಹೋಗಿದ್ದರೆ ಸದ್ದು ಮಂಕಾಗುತ್ತದೆ. ಸಿಡಿಗೆ ಹೇಳುವಂಥದ್ದೇನಿಲ್ಲ, ಬೆಳಕಿಗೆ ಹಿಡಿಯಿರಿ, ಸೂಜಿ ತೂತುಗಳು ಕಾಣದಿದ್ದರೆ ತಗೊಳ್ಳಿ.

ಕೇಳಿದ ಮೇಲೆ

ನಾಲ್ಕು ಹಾಕಿಸಿ ಒಂದೂ ಹಿಡಿಸಲಿಲ್ಲವೇ? ಯಾಕೆ ಅಂತ ಹೇಳಿ. ‘ಎರಡನೇ ಪಕ್ಕ ಸವೆದಿದೆ’ ಅಂದರೆ ಅಂಗಡಿಯವರಿಗೂ ಅದು ಉಪಯೋಗದ ಮಾಹಿತಿ. ಸುಮ್ನೆ ‘ಆಮೇಲೆ ಬರ್ತೀನಿ’ ಅಂದು ಜಾರಿಕೊಳ್ಳುವುದಕ್ಕಿಂತ ಇದು ಮೇಲು. ಆದರೂ ಒಂದು ಕಡಿಮೆ ಬೆಲೆಯ ಇಪಿಯನ್ನೋ, ನಾಲ್ಕು ಪ್ಲಾಸ್ಟಿಕ್ ಹೊದಿಕೆಯನ್ನೋ ಕೊಂಡು ಬನ್ನಿ. ನಿಯಮವೇನಲ್ಲ, ನನ್ನ ಅಭಿಪ್ರಾಯ.

ಕೊಂಡರೆ, ಯಾವ ಜಾಗದಲ್ಲಿ ಏನು ಸದ್ದಿತ್ತು ಅಂತ ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ಮಳೆಗಾಲವಾದರೆ ಎರಡು ಪ್ಲಾಸ್ಟಿಕ್ ಚೀಲ. ಲೋಕಲ್ಲಿನಲ್ಲಿ ಸಂಜೆ ಆರರ ಮೇಲೆ ಎಲ್‌ಪಿ ಹಿಡಿದು ಹತ್ತಬೇಡಿ, ದಾದರಿನಲ್ಲಿ ಇಳಿಯುವಾಗ ಅದು ಬಟ್ಟಲಾಗಿರುತ್ತದೆ.

ಮನೆಗೆ ಹೋದ ತಕ್ಷಣ ಹಾಕಬೇಡಿ, ಮೊದಲು ತೊಳೆಯಿರಿ. ಡಿಸ್ಟಿಲ್ಡ್ ನೀರು, ಎರಡು ಹನಿ ಪಾತ್ರೆ ತೊಳೆಯುವ ದ್ರವ, ಮೆತ್ತನೆ ಬಟ್ಟೆ, ಗೀರಿನ ದಿಕ್ಕಿನಲ್ಲೇ ಒರೆಸುವುದು, ಲೇಬಲ್ ನೆನೆಯಬಾರದು, ಕೊನೆಗೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ಒರೆಸಿ ನೆರಳಲ್ಲಿ ಒಣಗಿಸುವುದು. 78ಕ್ಕೆ ಸ್ಪಿರಿಟ್, ಸ್ಯಾನಿಟೈಸರ್ ಏನೂ ತಾಗಿಸಬೇಡಿ, ಶೆಲ್ಯಾಕ್ ಕರಗುತ್ತದೆ.

ಆಮೇಲೆ ಅಂಗಡಿಯಲ್ಲಿ ಕೇಳಿದ ಅದೇ ಮೂರು ಜಾಗಗಳಿಗೆ ಮುಳ್ಳು ಇಟ್ಟು ಕೇಳಿ. ಅಲ್ಲಿಲ್ಲದ ಸದ್ದು ಇಲ್ಲಿದ್ದರೆ ಮೊದಲು ನಿಮ್ಮ ಮುಳ್ಳಿನ ತುದಿ ನೋಡಿ, ದೂಳಿನ ಉಂಡೆ ಕೂತಿರುತ್ತದೆ. ಅದನ್ನು ತೆಗೆದ ಮೇಲೂ ಟಕ್ ಟಕ್ 1.8 ಸೆಕೆಂಡಿಗೊಮ್ಮೆ ಬರುತ್ತಿದ್ದರೆ, ಬದಲಾಯಿಸಿ ಕೊಡುತ್ತೇವೆ ಅಂದ ಅಂಗಡಿಗೆ ಬಿಲ್ಲಿನ ಜೊತೆ ಅದೇ ವಾರ ಹೋಗಿ, ಅವರ ಪ್ಲೇಯರಿನಲ್ಲೇ ಅದೇ ಜಾಗ ಹಾಕಿ ತೋರಿಸಿ.